ಎಲ್ಲರೂ ‘ತುಂಬಾ ಚೆನ್ನಾಗಿದೆ’ ಅಂದರು, ಎರಡೇ ತಿಂಗಳಲ್ಲಿ ಆರು ಜನ ಬಿಟ್ಟು ಹೋದರು

ಪ್ರಶ್ನೆ: ನಾವು ಚಿಕ್ಕಮಗಳೂರು ತಾಲ್ಲೂಕು ಆಲ್ದೂರು ಕಡೆಯವರು. ಕಾಫಿ ಹುರಿದು ಪುಡಿ ಮಾಡುವ ಚಿಕ್ಕ ಘಟಕ, ಪೇಟೆಯಲ್ಲಿ ಒಂದು ಅಂಗಡಿ, ತೋಟದಲ್ಲಿ ಆರು ರೂಮಿನ ಹೋಂಸ್ಟೇ ಇದೆ. ಎಲ್ಲ ಸೇರಿ 34 ಜನ ಕೆಲಸಕ್ಕಿದ್ದಾರೆ. ಅವರಿಗೆ ಗೂಗಲ್ ಫಾರ್ಮ್‌ನಲ್ಲಿ 22 ಪ್ರಶ್ನೆಗಳ ಸರ್ವೆ ಮಾಡಿಸಿದೆ. 33 ಜನ ತುಂಬಿದರು, ಹೆಚ್ಚುಕಮ್ಮಿ ಎಲ್ಲಕ್ಕೂ 5ಕ್ಕೆ 4 ಅಥವಾ 5 ಕೊಟ್ಟಿದ್ದರು. ಎರಡು ತಿಂಗಳಲ್ಲಿ ಆರು ಜನ ಕೆಲಸ ಬಿಟ್ಟರು, ಅದರಲ್ಲಿ ಇಬ್ಬರು ಹತ್ತು ವರ್ಷದ ಹಳಬರು. ಹೋಂಸ್ಟೇಯಲ್ಲಿ ಊಟದ ಮೇಜಿನ ಮೇಲೆ ಕ್ಯೂಆರ್ ಕೋಡ್ ಇಟ್ಟಿದ್ದೇನೆ. ಒಂದು ಸೀಸನ್‌ಗೆ 400ರ ಹತ್ತಿರ ಜನ ಬಂದರು, ತುಂಬಿದವರು 19. ಹೆಸರು ಕಡ್ಡಾಯ ಮಾಡಿ, ಆಗ ಜವಾಬ್ದಾರಿಯಿಂದ ಬರೆಯುತ್ತಾರೆ ಅಂತ ಒಬ್ಬ ಸ್ನೇಹಿತರು ಹೇಳುತ್ತಾರೆ. ಗಿಫ್ಟ್ ಇಡಿ ಅಂತ ಇನ್ನೊಬ್ಬರು. ಏಜೆನ್ಸಿಗೆ ಕೊಡಲೇ? ಅಥವಾ ಇದೆಲ್ಲ ಸುಮ್ನೆ ಟೈಮ್ ವೇಸ್ಟಾ?

ಉತ್ತರ: ಮೊದಲು ಒಂದು ಮಾತು. ನಿಮ್ಮ ಕೆಲಸದವರು ನಿಮಗೆ ಸುಳ್ಳು ಹೇಳಿದರು ಅಂತ ಬೇಜಾರು ಮಾಡಿಕೊಳ್ಳಬೇಡಿ. ನೀವು ಫಾರ್ಮ್‌ನ ಪ್ರತಿಯನ್ನೂ ಕಳಿಸಿದ್ದೀರಿ, ಕೂತು ಪೂರ್ತಿ ಓದಿದೆ. ಅದರ ಜೊತೆ ನೀವು ಬರೆದ ಒಂದು ಸಾಲಿನಲ್ಲೇ ಅರ್ಧ ಉತ್ತರ ಇದೆ: ‘ಸ್ಮಾರ್ಟ್ ಫೋನ್ ಇಲ್ಲದವರಿಗೆ ರೈಟರ್ ತಮ್ಮ ಫೋನಿನಲ್ಲೇ ತುಂಬಿಸಿದರು.’

ಒಂದು ಸಲ ಯೋಚನೆ ಮಾಡಿ. ಹುರಿಯುವ ಮನೆಯ ಬಾಗಿಲಲ್ಲಿ ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವರು, ಫೋನ್ ಹಿಡಿದು ನಿಂತಿದ್ದಾರೆ. ‘ನಿಮ್ಮ ಮೇಲಿನವರು ನಿಮ್ಮನ್ನು ಗೌರವದಿಂದ ನೋಡುತ್ತಾರೆಯೇ?’ ಅಂತ ಓದಿ ಹೇಳುತ್ತಾರೆ. ಆ ಮೇಲಿನವರು ಅವರೇ! ನಾಳೆ ಹಾಜರಿ ಹಾಕುವವರೂ ಅವರೇ, ಓವರ್‌ಟೈಮ್ ಯಾರಿಗೆ ಅಂತ ಹೇಳುವವರೂ ಅವರೇ. ನೀವು ಆ ಜಾಗದಲ್ಲಿದ್ದರೂ ಐದಕ್ಕೆ ಐದು ಅನ್ನುತ್ತಿದ್ದಿರಿ, ನಾನೂ ಅನ್ನುತ್ತಿದ್ದೆ. ಹಾಗಾಗಿ ನಿಮಗೆ ಸಿಕ್ಕ ಅಂಕಿಗಳು ಸುಳ್ಳಲ್ಲ. ಅವು ಬೇರೆ ಪ್ರಶ್ನೆಗೆ ಸಿಕ್ಕ ನಿಜವಾದ ಉತ್ತರ. ನೀವು ಕೇಳಿದ್ದು ‘ಕೆಲಸ ಹೇಗಿದೆ’ ಅಂತ. ಅವರ ಕಿವಿಗೆ ಬಿದ್ದದ್ದು ‘ನೀನು ನಮ್ಮ ಮೇಲೆ ದೂರು ಹೇಳುತ್ತೀಯಾ’ ಅಂತ.

ನಾನು 18 ವರ್ಷದಿಂದ ಹಾಸನದಲ್ಲಿ ಇದೇ ಸರ್ವೆ ಮಾಡುವ ಕೆಲಸ ಮಾಡುತ್ತಿದ್ದೇನೆ. ಗಾರ್ಮೆಂಟ್ಸ್, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್, ಹೋಟೆಲು, ಸಹಕಾರ ಸಂಘ, ಎಲ್ಲ ಕಡೆ ಇದೇ ಕಥೆ. ಒಂದು ಗಾರ್ಮೆಂಟ್ಸ್‌ನ ಕ್ಯಾಂಟೀನಿನಲ್ಲಿ ಹೆಣ್ಣುಮಕ್ಕಳಿಗೆ ಹಾಳೆ ಕೊಟ್ಟು ಕೂರಿಸಿದ್ದೆವು. ಸೂಪರ್‌ವೈಸರ್ ಸಾಲುಗಳ ಮಧ್ಯೆ ಓಡಾಡುತ್ತಿದ್ದರು, ಪಾಪ ಅವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಪೆನ್ನು ಇಲ್ಲದವರಿಗೆ ಪೆನ್ನು ಕೊಡುತ್ತಿದ್ದರು. ಒಬ್ಬ ಹುಡುಗಿ ಪಕ್ಕದವಳ ಹಾಳೆ ನೋಡಿ ಅದೇ ಟಿಕ್ ಹಾಕುತ್ತಾ ಹೋದಳು. ಸೂಪರ್‌ವೈಸರ್ ಹತ್ತಿರ ಬಂದಾಗ ಹಾಳೆಯ ಮೇಲೆ ಕೈ ಮುಚ್ಚಿದಳು. ಆ ಕೈ ನೋಡಿದ ಮೇಲೆ ಆ ದಿನದ ಹಾಳೆಗಳನ್ನೆಲ್ಲ ಪಕ್ಕಕ್ಕಿಟ್ಟೆ. ಎರಡು ವಾರ ಬಿಟ್ಟು, ಹೊರಗಿನ ಇಬ್ಬರು ಹೆಂಗಸರನ್ನು ಕರೆದುಕೊಂಡು ಹೋಗಿ, ಸೂಪರ್‌ವೈಸರ್ ಇಲ್ಲದ ಕೋಣೆಯಲ್ಲಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದೆವು. ಶೌಚಾಲಯಕ್ಕೆ ಹೋಗಲು ಪ್ರತಿ ಸಲ ಪರ್ಮಿಷನ್ ಕೇಳಬೇಕು ಅನ್ನುವ ಸಂಕಟ ಆಗ ಹೊರಬಂತು. ಪ್ರಶ್ನೆ ಬದಲಾಗಿರಲಿಲ್ಲ, ಕೇಳುವವರು ಬದಲಾಗಿದ್ದರು.

ಈಗ ನಿಮ್ಮ ಸ್ನೇಹಿತರು ಹೇಳಿದ ಮಾತುಗಳಿಗೆ ಬರುತ್ತೇನೆ. ಅದಕ್ಕೆ ಮೊದಲು ಎಷ್ಟು ಜನ ತುಂಬಿದರು ಅನ್ನುವ ಲೆಕ್ಕ.

ಜಾಸ್ತಿ ಜನ ತುಂಬಿದರೆ ಸರ್ವೆ ಗೆದ್ದಂತೆ ಅನ್ನುವ ನಂಬಿಕೆ ತುಂಬಾ ಹಳೆಯದು. 34ರಲ್ಲಿ 33 ಅಂದ ತಕ್ಷಣ ನಿಮಗೂ ಖುಷಿಯಾಗಿರಬೇಕು, ಅಲ್ವಾ? 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮೊದಲು ಸುಮಾರು ಒಂದು ಕೋಟಿ ಜನಕ್ಕೆ ಯಾರಿಗೆ ವೋಟು ಅಂತ ಕೇಳುವ ಕಾರ್ಡ್ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ಉತ್ತರ ವಾಪಸ್ ಬಂದವು. ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಬರೆಯಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಪತ್ರಿಕೆ ಹೆಸರುಗಳನ್ನು ಆರಿಸಿದ್ದು ಹೆಚ್ಚಾಗಿ ಟೆಲಿಫೋನ್ ಪುಸ್ತಕ ಮತ್ತು ಕಾರು ನೋಂದಣಿಯ ಪಟ್ಟಿಗಳಿಂದ. ಆ ಕಾಲದಲ್ಲಿ ಅವೆರಡೂ ಇದ್ದವರು ಅನುಕೂಲಸ್ಥರು. ಮೇಲಾಗಿ ಕಾರ್ಡ್ ವಾಪಸ್ ಕಳಿಸುವಷ್ಟು ಹಟ ಇದ್ದದ್ದು ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರಿಗೇ ಜಾಸ್ತಿ. ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಅನ್ನುವ ಸರ್ವೆ ತಜ್ಞರು ಸರಿಯಾಗಿ ಹೇಳಿದ್ದರು. ಎಷ್ಟು ಜನ ಅನ್ನುವುದಕ್ಕಿಂತ ಯಾರು ತುಂಬಿದರು, ಯಾವ ಸ್ಥಿತಿಯಲ್ಲಿ ತುಂಬಿದರು ಅನ್ನುವುದನ್ನು ಮೊದಲು ನೋಡಬೇಕು.

ಹೆಸರು ಕಡ್ಡಾಯ ಮಾಡುವ ಸಲಹೆಯನ್ನು ದಯವಿಟ್ಟು ಬಿಟ್ಟುಬಿಡಿ. ಹೆಸರು ಇಲ್ಲದಿದ್ದರೂ ನಿಮ್ಮ ಫಾರ್ಮ್‌ನಲ್ಲಿ ಗುರುತು ಸಿಗುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ತೊಂದರೆ. ಮೊದಲ ಪುಟದಲ್ಲಿ ವಿಭಾಗ, ಗಂಡು ಹೆಣ್ಣು, ಎಷ್ಟು ವರ್ಷದಿಂದ ಕೆಲಸ, ಮೂರನ್ನೂ ಕೇಳಿದ್ದೀರಿ. ಪ್ಯಾಕಿಂಗ್, ಹೆಣ್ಣು, ಹತ್ತು ವರ್ಷದ ಮೇಲೆ. 34 ಜನರಲ್ಲಿ ಅಂಥವರು ಎಷ್ಟು ಜನ? ಒಬ್ಬರೋ ಇಬ್ಬರೋ. ಅದು ನಿಮಗಿಂತ ಮೊದಲು ಅವರಿಗೆ ಹೊಳೆಯುತ್ತದೆ. ಐದಕ್ಕಿಂತ ಕಡಿಮೆ ಜನರಿರುವ ಗುಂಪಿನ ಫಲಿತಾಂಶವನ್ನು ಬೇರೆಯಾಗಿ ತೋರಿಸಬಾರದು ಅನ್ನುವುದು ನಮ್ಮ ಕೆಲಸದಲ್ಲಿ ಸಾಮಾನ್ಯವಾಗಿ ಪಾಲಿಸುವ ನಿಯಮ. ಕೆಲವರು ಹತ್ತು ಅನ್ನುತ್ತಾರೆ. ನಿಮ್ಮಂಥ ಜಾಗದಲ್ಲಿ ವಿಭಾಗ ಒಂದನ್ನು ಕೇಳಿದರೆ ಸಾಕು, ಅದೂ ಘಟಕ ಮತ್ತು ಅಂಗಡಿ ಒಂದು, ಹೋಂಸ್ಟೇ ಒಂದು ಅಂತ ಎರಡೇ ಭಾಗ ಮಾಡಿ. ಫಾರ್ಮ್‌ನಲ್ಲಿ ಒಬ್ಬರಿಗೆ ಒಂದೇ ಉತ್ತರ ಅನ್ನುವ ಸೆಟ್ಟಿಂಗ್ ಹಾಕಿದರೆ ಅದು ಗೂಗಲ್ ಖಾತೆಗೆ ಲಾಗಿನ್ ಆಗಲು ಕೇಳುತ್ತದೆ. ನೀವು ಇಮೇಲ್ ಸಂಗ್ರಹಿಸದೆ ಇರಬಹುದು, ಆದರೆ ಲಾಗಿನ್ ಆಗು ಅಂದ ಮೇಲೆ ‘ನಿನ್ನ ಹೆಸರು ಗೊತ್ತಾಗಲ್ಲ’ ಅನ್ನುವ ಮಾತನ್ನು ಯಾರು ನಂಬುತ್ತಾರೆ?

ಗಿಫ್ಟ್ ವಿಷಯ. ಕೆಲಸದವರಿಗೆ ಬೇಡ. ಕೆಲಸದ ಹೊತ್ತಿನಲ್ಲೇ ಹದಿನೈದು ನಿಮಿಷ ಬಿಡುವು ಕೊಟ್ಟು, ಆ ನಿಮಿಷಗಳಿಗೂ ಕೂಲಿ ಇದೆ ಅಂತ ಹೇಳಿ, ಸಾಕು. ಅತಿಥಿಗಳಿಗೆ ಸರ್ವೆ ತುಂಬಿದ್ದಕ್ಕೆ ಒಂದು ಕಾಲು ಕೆಜಿ ಪುಡಿ ಕೊಟ್ಟರೆ ತಪ್ಪಿಲ್ಲ, ಏನೇ ಬರೆದರೂ ಕೊಡಬೇಕು ಅಷ್ಟೇ. ಆದರೆ ಗೂಗಲ್ ರಿವ್ಯೂ ಹಾಕಿದ್ದಕ್ಕೆ ಕೊಡಬೇಡಿ. ರಿವ್ಯೂಗೆ ಪ್ರತಿಫಲ ಕೊಡುವುದು, ಒಳ್ಳೆಯದು ಹೇಳುವವರನ್ನು ಮಾತ್ರ ಹುಡುಕಿ ರಿವ್ಯೂ ಹಾಕಿಸುವುದು, ಎರಡೂ ಗೂಗಲ್ ನಿಯಮಕ್ಕೆ ವಿರುದ್ಧ.

ಪ್ರಶ್ನೆಗಳ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯಬೇಕು. ನಿಮ್ಮ 22 ಪ್ರಶ್ನೆಗಳು ಇಂಗ್ಲಿಷಿನಿಂದ ಕನ್ನಡಕ್ಕೆ ಬಂದವು ಅಂತ ಓದಿದ ತಕ್ಷಣ ಗೊತ್ತಾಗುತ್ತದೆ. ‘ನನ್ನ ಸಂಸ್ಥೆಯ ದೃಷ್ಟಿಕೋನದೊಂದಿಗೆ ನಾನು ಹೊಂದಾಣಿಕೆ ಹೊಂದಿದ್ದೇನೆ.’ ಬೀಜ ಹುರಿಯುವ ಮನುಷ್ಯ ಇದಕ್ಕೆ ಏನು ಉತ್ತರ ಕೊಡಬೇಕು? ಅರ್ಥವಾಗದ ಪ್ರಶ್ನೆಗೆ ನಮ್ಮ ಜನ ‘ಹೌದು’ ಅನ್ನುತ್ತಾರೆ, ಕೇಳಿದವರಿಗೆ ಅವಮಾನ ಆಗಬಾರದು ಅಂತ. ಒಪ್ಪುತ್ತೀರಾ ಇಲ್ಲವಾ ಅಂತ ಕೇಳಿದಾಗ ಒಪ್ಪುವ ಕಡೆಗೇ ವಾಲುವುದು ಪ್ರಪಂಚದ ಎಲ್ಲ ಕಡೆ ಇದೆ. ಮಾಲೀಕರ ಎದುರಿಗಂತೂ ಇನ್ನೂ ಜಾಸ್ತಿ.

‘ಸಂಬಳ ಮತ್ತು ರಜೆ ಸರಿಯಾಗಿ ಸಿಗುತ್ತಿದೆಯೇ?’ ಇದು ಎರಡು ಪ್ರಶ್ನೆ. ಸಂಬಳ ಸರಿಯಾಗಿ ಬಂದು ರಜೆ ಸಿಗದವನು ಎಲ್ಲಿ ಟಿಕ್ ಹಾಕಲಿ? ಒಡೆದು ಎರಡು ಮಾಡಿ.

‘ಸಂಬಳ ತಡವಾಗುವುದಿಲ್ಲ. ಹೌದು / ಇಲ್ಲ.’ ಇದು ಕನ್ನಡದಲ್ಲಿ ತುಂಬಾ ಅಪಾಯದ ಪ್ರಶ್ನೆ. ತಡ ಆಗಲ್ಲ ಅನ್ನುವವರಲ್ಲಿ ಕೆಲವರು ‘ಹೌದು, ಆಗಲ್ಲ’ ಅಂತ ಹೌದು ಒತ್ತುತ್ತಾರೆ, ಕೆಲವರು ‘ಇಲ್ಲ, ಆಗಲ್ಲ’ ಅಂತ ಇಲ್ಲ ಒತ್ತುತ್ತಾರೆ. ಇಬ್ಬರ ಮನಸ್ಸಿನಲ್ಲಿರುವುದೂ ಒಂದೇ ಮಾತು, ನಿಮ್ಮ ಲೆಕ್ಕದಲ್ಲಿ ಮಾತ್ರ ಎದುರುಬದುರು. ‘ಇಲ್ಲ’ ಇರುವ ಪ್ರಶ್ನೆಯನ್ನು ಬರೆಯಲೇಬೇಡಿ. ‘ಕಳೆದ ಮೂರು ತಿಂಗಳಲ್ಲಿ ಬಟವಾಡೆ ಎಷ್ಟು ಸಲ ತಡವಾಯಿತು? ಒಮ್ಮೆಯೂ ಆಗಿಲ್ಲ, ಒಂದು ಸಲ, ಎರಡು ಅಥವಾ ಜಾಸ್ತಿ ಸಲ’ ಅಂತ ಕೇಳಿ. ಮನಸ್ಸಿಗೆ ಅನ್ನಿಸಿದ್ದನ್ನು ಕೇಳುವುದಕ್ಕಿಂತ ನಡೆದದ್ದನ್ನು ಕೇಳಿದರೆ ಉತ್ತರ ಗಟ್ಟಿಯಾಗಿ ಬರುತ್ತದೆ. ಕಾಲದ ಗಡಿ ಕೊಡಿ, ಅದೂ ನೆನಪಿರುವಷ್ಟು ಹತ್ತಿರದ ಕಾಲ.

ಇನ್ನು ‘ಪರವಾಗಿಲ್ಲ’. ನಿಮ್ಮ ಐದು ಮೆಟ್ಟಿಲಿನ ಅಳತೆಯಲ್ಲಿ ನಡುವಿನದು ಇದು. ನಾನೂ ಎಷ್ಟೋ ವರ್ಷ ಇದನ್ನೇ ಬಳಸಿದ್ದೆ. ಆಮೇಲೆ ಅರಸೀಕೆರೆ ಕಡೆ ಒಂದು ಕೆಲಸದಲ್ಲಿ, ಈ ಟಿಕ್ ಹಾಕಿದ ಹತ್ತು ಹನ್ನೆರಡು ಜನರನ್ನು ಕೂರಿಸಿಕೊಂಡು ‘ಪರವಾಗಿಲ್ಲ ಅಂದರೆ ಏನು?’ ಅಂತ ಕೇಳಿದೆ. ಒಬ್ಬರು ‘ಚೆನ್ನಾಗೇ ಇದೆ ಸಾರ್’ ಅಂದರು. ಪಕ್ಕದವರು ‘ಹೆಂಗೋ ತಡ್ಕೊಂಡಿದೀನಿ’ ಅಂದರು. ಒಂದೇ ಪದ, ಎರಡು ತುದಿ. ಈಗ ನಾನು ‘ಚೆನ್ನಾಗಿದೆ, ಚೆನ್ನಾಗಿಲ್ಲ, ಹೇಳಲು ಆಗುತ್ತಿಲ್ಲ’ ಅಂತ ಮೂರೇ ಇಡುತ್ತೇನೆ, ಅದರ ಕೆಳಗೆ ‘ಯಾಕೆ?’ ಅಂತ ಒಂದು ಗೆರೆ. ಕೆಲಸದವರ ಸರ್ವೆಗೆ ಇಷ್ಟು ಸಾಕು.

ಯಾವುದೇ ಪ್ರಶ್ನೆ ಬರೆಯುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಇದಕ್ಕೆ ಕೆಟ್ಟ ಉತ್ತರ ಬಂದರೆ ನಾನು ಏನು ಬದಲಾಯಿಸುತ್ತೇನೆ? ಏನೂ ಇಲ್ಲ ಅಂತಾದರೆ ಆ ಪ್ರಶ್ನೆ ಹೊಡೆದುಹಾಕಿ. ಈ ಜರಡಿ ಹಿಡಿದರೆ ನಿಮ್ಮ 22ರಲ್ಲಿ ಆರೋ ಏಳೋ ಉಳಿಯುತ್ತವೆ. ಕೊಡಲು ಆಗದ್ದನ್ನು ಕೇಳುವುದು ಕೇಳದೆ ಇರುವುದಕ್ಕಿಂತ ಕೆಟ್ಟದ್ದು. ವಸತಿ ಬೇಕಾ ಅಂತ ಕೇಳಿ ತೋಟದ ಕೆಲಸದವರ ಲೈನ್ ಮನೆ ರಿಪೇರಿಗೂ ದುಡ್ಡಿಲ್ಲ ಅಂದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಬರೆದ ಮೇಲೆ ಮೂರು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ, ‘ಇದರಲ್ಲಿ ಏನು ಕೇಳ್ತಿದ್ದಾರೆ, ನಿಮ್ಮ ಮಾತಲ್ಲಿ ಹೇಳಿ’ ಅನ್ನಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಪ್ರಶ್ನೆ ಕೆಟ್ಟಿದೆ ಅಂತ ಅರ್ಥ. ಅಸ್ಸಾಂ ಕಡೆಯವರು, ತಮಿಳು ಮಾತಾಡುವವರು ನಿಮ್ಮಲ್ಲಿದ್ದರೆ ಅವರ ಭಾಷೆಯಲ್ಲೇ ಕೇಳಿಸಿ. ಅವರವರ ಮೇಸ್ತ್ರಿಯ ಕೈಯಲ್ಲಿ ಮಾತ್ರ ಬೇಡ.

ಅತಿಥಿಗಳ ಸರ್ವೆಯಲ್ಲಿ ನೀವು ಅಂದುಕೊಂಡಷ್ಟು ಸೋತಿಲ್ಲ. 400 ಜನ ಅಂದರೆ ಎಷ್ಟು ಬುಕಿಂಗ್? ಒಂದು ಕುಟುಂಬದಲ್ಲಿ ಮೂರು ಜನ ಅಂದರೂ 130ರ ಆಸುಪಾಸು. ಮನೆಗೊಬ್ಬರು ತಾನೇ ತುಂಬುವುದು. ಆಗ 19 ಅಂದರೆ ಏಳರಲ್ಲಿ ಒಂದು ಕುಟುಂಬ. ತೊಂದರೆ ಇರುವುದು ಆ 19 ಜನ ಯಾರು ಅನ್ನುವುದರಲ್ಲಿ. ತುಂಬಾ ಖುಷಿಯಾದವರು, ತುಂಬಾ ಸಿಟ್ಟಾದವರು, ಇವರೇ ಸಾಮಾನ್ಯವಾಗಿ ತುಂಬುವುದು. ನಡುವಿನವರು ಸುಮ್ನೆ ಕಾರು ಹತ್ತುತ್ತಾರೆ, ಮುಂದಿನ ವರ್ಷ ಬೇರೆ ಕಡೆ ಬುಕ್ ಮಾಡುತ್ತಾರೆ. ನಿಮಗೆ ಬೇಕಾದವರು ಅವರೇ.

ಕ್ಯೂಆರ್ ಕೋಡ್ ಊಟದ ಮೇಜಿನ ಮೇಲಿದೆ ಅಂದಿರಿ. ಅಕ್ಕಿ ರೊಟ್ಟಿ ಬಡಿಸುತ್ತಾ ನಿಮ್ಮ ಅತ್ತೆ ಎದುರಿಗೇ ನಿಂತಿರುತ್ತಾರೆ. ಬಚ್ಚಲಲ್ಲಿ ಬಿಸಿನೀರು ಬರಲಿಲ್ಲ ಅಂತ ಯಾರಾದರೂ ಅಲ್ಲಿ ಕೂತು ಬರೆಯುತ್ತಾರಾ? ಜೊತೆಗೆ ತೋಟದ ಒಳಗೆ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ನಿಮ್ಮಲ್ಲೂ ಹಾಗಿದ್ದರೆ ಕೋಡ್ ಇಟ್ಟೂ ಪ್ರಯೋಜನವಿಲ್ಲ. ಅವರು ಹೊರಟ ಮಾರನೆಯ ದಿನ, ಮನೆ ಸೇರಿ ಬಟ್ಟೆ ಒಗೆಯಲು ಹಾಕಿದ ಮೇಲೆ, ಒಂದು ವಾಟ್ಸಾಪ್ ಕಳಿಸಿ. ಮೂರೇ ಪ್ರಶ್ನೆ. ‘ನಮ್ಮಲ್ಲಿ ಇದ್ದಾಗ ಯಾವ ಹೊತ್ತಿನಲ್ಲಿ ನಿಮಗೆ ತೊಂದರೆ ಆಯಿತು? ಏನು ಇರಬೇಕಿತ್ತು, ಇರಲಿಲ್ಲ? ಮತ್ತೆ ಈ ಕಡೆ ಬಂದರೆ ನಮ್ಮಲ್ಲೇ ಉಳಿಯುತ್ತೀರಾ?’ ಬುಕಿಂಗ್‌ಗೆ ತೆಗೆದುಕೊಂಡ ನಂಬರಿಗೆ ಸರ್ವೆ ಕಳಿಸುತ್ತೇವೆ ಅಂತ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಯಾವ ಕೆಲಸಕ್ಕೆ ಒಪ್ಪಿಗೆ ಕೊಟ್ಟರೋ ಅದಕ್ಕೆ ಮಾತ್ರ ಮಾಹಿತಿ ಬಳಸಬೇಕು ಅನ್ನುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲ ತತ್ವ. ಅದೇ ನಂಬರಿಗೆ ದೀಪಾವಳಿ ಆಫರ್ ಕಳಿಸಬೇಡಿ. ಮಳೆಗಾಲದ ಅತಿಥಿಗಳನ್ನೂ ಬಿಡಬೇಡಿ. ಡಿಸೆಂಬರಿನಲ್ಲಿ ಮುಳ್ಳಯ್ಯನಗಿರಿ ನೋಡಲು ಬರುವವರ ಬೇಡಿಕೆಯೇ ಬೇರೆ, ಜುಲೈಯಲ್ಲಿ ಮಳೆ ನೋಡಲು ಬರುವವರದ್ದೇ ಬೇರೆ.

ನೀವು 0ರಿಂದ 10ರ ಸ್ಕೋರನ್ನೂ ಹಾಕಿದ್ದೀರಿ. ಅದು 2003ರಲ್ಲಿ ಫ್ರೆಡ್ ರೈಕೆಲ್ಡ್ ಅನ್ನುವವರು ಜನಪ್ರಿಯ ಮಾಡಿದ ನೆಟ್ ಪ್ರಮೋಟರ್ ಸ್ಕೋರ್. 9, 10 ಕೊಟ್ಟವರ ಶೇಕಡಾವಾರಿನಿಂದ 0ರಿಂದ 6 ಕೊಟ್ಟವರದ್ದನ್ನು ಕಳೆಯುವುದು, 7, 8 ಲೆಕ್ಕಕ್ಕಿಲ್ಲ. ನಿಮ್ಮ 19 ಜನರಲ್ಲಿ ಒಬ್ಬರು 9ರ ಬದಲು 6 ಒತ್ತಿದರೆ ಸ್ಕೋರ್ 10 ಅಂಕಕ್ಕೂ ಜಾಸ್ತಿ ಇಳಿಯುತ್ತದೆ. ಒಬ್ಬರ ಕೈ ಜಾರಿದರೆ ಇಷ್ಟು! ಇನ್ನೊಂದು, ನಮ್ಮವರಿಗೆ ಅಂಕ ಅಂದರೆ ಸ್ಕೂಲಿನ ಅಂಕ. 35ಕ್ಕೆ ಪಾಸು, 60ಕ್ಕೆ ಫಸ್ಟ್ ಕ್ಲಾಸ್ ಅಂತ ಬೆಳೆದವರು ಹತ್ತಕ್ಕೆ ಎಂಟು ಕೊಟ್ಟರೆ ಅದು ಹೊಗಳಿಕೆ. ಈ ಸ್ಕೋರಿನಲ್ಲಿ ಅದಕ್ಕೆ ಬೆಲೆಯೇ ಇಲ್ಲ. ದೊಡ್ಡ ಹೋಟೆಲ್ ಸರಣಿಗೆ ಇದು ಉಪಯೋಗಕ್ಕೆ ಬರಬಹುದು, ಆರು ರೂಮಿಗೆ ಬೇಡ.

ಈಗ ನಿಮ್ಮ ಮುಂದಿರುವ ದಾರಿಗಳು. ಒಂದು, ನೀವೇ ಕಾಗದದ ಮೇಲೆ ಮಾಡುವುದು. ಖರ್ಚಿಲ್ಲ. ಆರು ಪ್ರಶ್ನೆ, ಎಲ್ಲರಿಗೂ ಒಂದೇ ಬಣ್ಣದ ಪೆನ್ನು, ಬರೀ ಟಿಕ್ ಮಾರ್ಕ್, ಬೀಗ ಹಾಕಿದ ಡಬ್ಬಿ. ಡಬ್ಬಿ ಆಫೀಸಿನ ಬಾಗಿಲಲ್ಲಿ ಇರಬಾರದು. ಕೈಬರಹ ಗೊತ್ತಾಗುತ್ತದೆ ಅನ್ನುವ ಭಯ ಹೋಗುವುದಿಲ್ಲ, ಹಾಗಾಗಿ ‘ಯಾಕೆ’ ಅನ್ನುವ ಗೆರೆ ಬಹಳಷ್ಟು ಖಾಲಿ ಬರುತ್ತದೆ. ಎರಡು, ಏಜೆನ್ಸಿ. ಹೊರಗಿನವರು ಬಂದರೆ ಬಾಯಿ ಬಿಡುತ್ತಾರೆ, ನಿಜ. ಆದರೆ 34 ಜನಕ್ಕೆ ಬರುವ ಏಜೆನ್ಸಿ ತನ್ನ ಸಿದ್ಧ ಪ್ರಶ್ನೆಪಟ್ಟಿಯನ್ನೇ ಹಿಡಿದು ಬರುವ ಸಾಧ್ಯತೆ ಜಾಸ್ತಿ, ‘ದೃಷ್ಟಿಕೋನದ ಹೊಂದಾಣಿಕೆ’ ಮತ್ತೆ ವಾಪಸ್ ಬರುತ್ತದೆ. ಕೊಟ್ಟರೂ ಒಬ್ಬೊಬ್ಬರ ಹಾಳೆ ನಿಮ್ಮ ಕೈಗೆ ಬರುವುದಿಲ್ಲ ಅಂತ ಬರವಣಿಗೆಯಲ್ಲಿ ಹಾಕಿಸಿ, ಅದನ್ನು ಕೆಲಸದವರಿಗೂ ಓದಿ ಹೇಳಿ. ಮೂರು, ಸರ್ವೆಯೇ ಬಿಟ್ಟು ಮಾತಾಡಿಸುವುದು. ನಿಮಗೆ ಪರಿಚಯವಿರುವ, ಆದರೆ ನಿಮ್ಮ ಮನೆಯವರಲ್ಲದ, ನಿವೃತ್ತ ಮೇಷ್ಟ್ರೋ ನರ್ಸೋ ಇದ್ದರೆ, ದಿನಕ್ಕೆ ನಾಲ್ಕು ಜನರಂತೆ ಅರ್ಧರ್ಧ ಗಂಟೆ ಮಾತಾಡಿಸಲಿ. ಇದರ ಅಪಾಯ ಅಂದರೆ ಒಬ್ಬರ ಮಾತು ಇನ್ನೊಬ್ಬರಿಗೆ ಹೋದರೆ ಊರಲ್ಲೇ ಜಗಳ. ಆ ವ್ಯಕ್ತಿಯ ಬಾಯಿ ಬಿಗಿ ಇರಬೇಕು.

ನಾನಾಗಿದ್ದರೆ ಮೂರನೆಯದನ್ನು ಮೊದಲು ಮಾಡಿ, ಅದರಲ್ಲಿ ಬಂದ ವಿಷಯಗಳ ಮೇಲೆ ಆರು ಪ್ರಶ್ನೆ ಬರೆದು, ಆಮೇಲೆ ಡಬ್ಬಿ ಇಡುತ್ತಿದ್ದೆ. ಕೊಯ್ಲಿನ ಭರಾಟೆಯಲ್ಲಿ ಬೇಡ, ಬಟವಾಡೆ ದಿನ ಬೇಡ, ಬೋನಸ್ ಕೊಟ್ಟ ವಾರವೂ ಬೇಡ. ಡಬ್ಬಿ ತೆರೆದ ಎರಡು ವಾರದೊಳಗೆ ಎಲ್ಲರನ್ನೂ ಕರೆದು ಬಂದದ್ದನ್ನು ಓದಿ ಹೇಳಿ. ಇದು ಈ ತಿಂಗಳೇ ಮಾಡುತ್ತೇನೆ, ಇದು ಮಾಡಲು ಆಗುವುದಿಲ್ಲ, ಯಾಕೆ ಅಂದರೆ ಹೀಗೆ. ‘ಆಗಲ್ಲ’ ಅನ್ನುವುದನ್ನು ಜನ ತಡೆದುಕೊಳ್ಳುತ್ತಾರೆ, ಸುಮ್ಮನಿದ್ದುಬಿಡುವುದನ್ನು ತಡೆಯುವುದಿಲ್ಲ. ಯಾರು ಬರೆದರು ಅಂತ ಮಾತ್ರ ಹುಡುಕಲು ಹೋಗಬೇಡಿ, ನಿಮ್ಮ ರೈಟರ್‌ಗೂ ಅದನ್ನೇ ಖಡಾಖಂಡಿತವಾಗಿ ಹೇಳಿ.

ಡಬ್ಬಿಯಲ್ಲಿ ಹೆಣ್ಣುಮಗಳೊಬ್ಬಳು ಕಿರುಕುಳದ ಬಗ್ಗೆ ಬರೆದಿದ್ದರೆ ಅದನ್ನು ಸರ್ವೆಯ ಒಂದು ಅಂಕಿ ಅಂತ ಬಿಡುವ ಹಾಗಿಲ್ಲ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು ಅಂತ ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ. ನಿಮ್ಮಲ್ಲಿ ಇನ್ನೂ ಇಲ್ಲದಿದ್ದರೆ ಸರ್ವೆಗಿಂತ ಮೊದಲು ಅದನ್ನು ಮಾಡಿ, ಯಾರ ಹತ್ತಿರ ದೂರು ಕೊಡಬೇಕು ಅಂತ ಗೋಡೆಗೆ ಹಾಕಿಸಿ.

ಇಷ್ಟೆಲ್ಲದಕ್ಕೂ ಮೊದಲು ಬಿಟ್ಟು ಹೋದ ಆ ಇಬ್ಬರು ಹಳಬರ ಮನೆಗೆ ಹೋಗಿ ಬನ್ನಿ. ರೈಟರನ್ನು ಕರೆದುಕೊಂಡು ಹೋಗಬೇಡಿ, ನೋಟ್‌ಬುಕ್ ಕಾರಿನಲ್ಲೇ ಇರಲಿ. ವಾಪಸ್ ಬನ್ನಿ ಅಂತ ಮೊದಲೇ ಕೇಳಬೇಡಿ. ಮಕ್ಕಳ ಓದು, ಮನೆಯವರ ಆರೋಗ್ಯ ಕೇಳಿ, ಅವರು ಕೊಟ್ಟ ಕಾಫಿ ಕುಡಿಯಿರಿ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: ‘ಬಿಡಬೇಕು ಅಂತ ನಿಮಗೆ ಮೊದಲ ಸಲ ಅನ್ನಿಸಿದ್ದು ಯಾವ ದಿನ?’ ಅವರು ಆ ದಿನ ಏನಾಯಿತು ಅಂತ ಹೇಳಲು ಶುರು ಮಾಡಿದರೆ ನಡುವೆ ಬಾಯಿ ಹಾಕಬೇಡಿ, ನಿಮ್ಮ ಕಡೆಯ ಸಮರ್ಥನೆ ಆ ದಿನಕ್ಕೆ ಬೇಡ. ಅಲ್ಲಿಂದ ಬಂದ ಮೇಲೆ ನಿಮ್ಮ ಆರು ಪ್ರಶ್ನೆಗಳಲ್ಲಿ ಮೊದಲಿನ ಎರಡು ತಾವೇ ಸಿಕ್ಕಿರುತ್ತವೆ. ಉಳಿದ ನಾಲ್ಕನ್ನು ಬರೆದು ಕಳಿಸಿ, ನೋಡಿ ಹೇಳುತ್ತೇನೆ.